ಕಾಲು ಜೋಡಿಸಿ ಕೂರುವ ಪಾಠ ಯಾರಿಗೆ?



‘ಕಾಲು ಜೋಡಿಸಿ ಕೂತ್ಕೊ’ ಎಂಬ ಮಾತು ಕೇಳದೆ ಬೆಳೆದ ಹೆಣ್ಣುಮಕ್ಕಳು ನಮ್ಮಲ್ಲಿ ವಿರಳ. ಗಂಡುಮಕ್ಕಳಿಗೆ ಹಾಗೆ ಹೇಳುವವರುಂಟೆ? ಉಂಟು, ಸ್ಕಾಟ್ಲೆಂಡಿನಲ್ಲಿ.

ಅಲ್ಲಿನ ಗಂಡಸರು ಉಡುವ ‘ಕಿಲ್ಟ್’ ಮಂಡಿಯವರೆಗಿನ ಉಣ್ಣೆಯ ಲಂಗ. ಚೌಕುಳಿ ಬಟ್ಟೆ; ಹಿಂದೆ ನೆರಿಗೆ, ಮುಂದೆ ಸಪಾಟು. ಸಾಂಪ್ರದಾಯಿಕ ಕಿಲ್ಟ್ ಒಂದಕ್ಕೆ ಸುಮಾರು 8 ಗಜ ಬಟ್ಟೆ ಬೇಕು. ಗುಡ್ಡಗಾಡು ಪ್ರದೇಶವಾದ ಹೈಲೆಂಡ್‌ನ ದಂಗೆಯನ್ನು ಅಡಗಿಸಿದ ಬ್ರಿಟಿಷ್ ಸರ್ಕಾರ 1746ರ ಕಾಯ್ದೆಯ ಮೂಲಕ ಈ ಉಡುಪನ್ನೇ ನಿಷೇಧಿಸಿತು. ಉಟ್ಟು ಸಿಕ್ಕಿಬಿದ್ದವನಿಗೆ 6 ತಿಂಗಳ ಸೆರೆವಾಸ. ಸೈನಿಕರಿಗೆ ಮಾತ್ರ ವಿನಾಯಿತಿ. ನಿಷೇಧ ರದ್ದಾದದ್ದು 1782ರಲ್ಲಿ. ಈಗ ಅದು ಮದುವೆ, ಸಮಾರಂಭಗಳ ಹೆಮ್ಮೆಯ ಉಡುಪು.

ಕಿಲ್ಟ್ ಉಟ್ಟವನು ಕೂರುವಾಗ ಹಿಂದಿನ ನೆರಿಗೆಗಳನ್ನು ಕೈಯಿಂದ ಸವರಿಕೊಳ್ಳುತ್ತಾನೆ. ಮಂಡಿಗಳನ್ನು ಹತ್ತಿರ ತಂದು ಮುಂಭಾಗದ ಬಟ್ಟೆಯನ್ನು ತೊಡೆಗಳ ನಡುವೆ ಇಳಿಬಿಡುತ್ತಾನೆ. ಸೊಂಟದಿಂದ ಮುಂದಕ್ಕೆ ತೂಗುವ ‘ಸ್ಪಾರನ್’ ಚೀಲದ ಭಾರ ಬಟ್ಟೆಯನ್ನು ಒತ್ತಿ ಹಿಡಿಯುತ್ತದೆ. ಹಣ ಕಾಯುವ ಚೀಲ ಮಾನವನ್ನೂ ಕಾಯುತ್ತದೆ!

ಇದು ನಮಗೆ ಹೊಸತೇನಲ್ಲ. ಮೇಲಕ್ಕೆ ಎತ್ತಿ ಕಟ್ಟಿದ ಪಂಚೆ ಹಿರಿಯರು ಎದುರಾದೊಡನೆ ಕೆಳಗಿಳಿಯುತ್ತಿತ್ತು. ಜಗಲಿಯಲ್ಲಿ ಕೂರುವ ಮುನ್ನ ಅಜ್ಜಂದಿರು ಅದರ ಅಂಚನ್ನು ಎಳೆದು ಮಂಡಿಯಡಿ ಸೇರಿಸುತ್ತಿದ್ದರು.

ಪ್ಯಾಂಟು ಬಂತು, ಗಂಡಸರು ಪಾಠ ಮರೆತರು. ಬಸ್ಸಿನಲ್ಲಿ ಕಾಲು ಅಗಲಿಸಿ ಪಕ್ಕದವರನ್ನು ಮೂಲೆಗೊತ್ತುವವರಲ್ಲಿ ನಾನೂ ಒಬ್ಬ. ಆದರೆ ಪ್ಯಾಂಟನ್ನೇ ತೊಟ್ಟ ನಮ್ಮ ತಂಗಿಗೆ ಪಾಠ ಇನ್ನೂ ತಪ್ಪಿಲ್ಲ.

ಸಭ್ಯತೆ ಹೆಣ್ಣಿನ ಹುಟ್ಟುಗುಣವೂ ಅಲ್ಲ, ಅವಳೊಬ್ಬಳ ಹೊಣೆಯೂ ಅಲ್ಲ. ಲಂಗ ಉಟ್ಟ ಗಂಡಸರೂ ಅದನ್ನು ಕಲಿತಿದ್ದಾರೆ. ಪ್ಯಾಂಟು ತೊಟ್ಟ ನಾವೂ ಕಲಿಯಬಹುದು.