ಕೊನೆ ಸೀಸನ್ ಯಾಕೆ ಕೈ ಕೊಡುತ್ತೆ? ಶಕ್ತಿಮಾನ್, ಕರೆಂಟ್ ಮತ್ತು ನಮ್ಮಜ್ಜಿ

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತು ನಾನು ಬೆಂಗಳೂರಿನ ರೂಮಿನಿಂದ ಅಲ್ಲ, ಊರಿಂದ ಮಾತಾಡ್ತಿದ್ದೀನಿ. ನೀರಮಾನ್ವಿ, ಮಾನ್ವಿ ತಾಲ್ಲೂಕು, ರಾಯಚೂರು ಜಿಲ್ಲೆ. ಹಿಂದೆ ಕೋಳಿ ಕೂಗಿದ್ರೆ, ಟ್ರ್ಯಾಕ್ಟರ್ ಹೋದ್ರೆ ನಾನು ಎಡಿಟ್ ಮಾಡಲ್ಲ. ಇರಲಿ ಬಿಡಿ.

ಹೋದ ವಾರ ಒಬ್ಬ ತಮ್ಮ ವಾಯ್ಸ್ ನೋಟ್ ಕಳಿಸಿದ್ದ. "ಅಣ್ಣಾ, ಈ ಸೂಪರ್‌ಹೀರೋ ಸೀರೀಸ್‌ಗಳೆಲ್ಲ ಕೊನೆ ಸೀಸನ್‌ನಲ್ಲೇ ಯಾಕೆ ಕೈ ಕೊಡ್ತಾವೆ?" ಅಂತ. ಅವನು ಆಗಷ್ಟೇ 'ದಿ ಅಂಬ್ರೆಲಾ ಅಕಾಡೆಮಿ' ಮುಗಿಸಿದ್ದ. ನೋಡಿಲ್ಲದವರು ಒಂದು ನಿಮಿಷ ಮುಂದಕ್ಕೆ ಓಡಿಸಿ, ಕಥೆ ಬಿಚ್ಚಿಡ್ತೀನಿ.

2019ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಶುರುವಾದ ಸರಣಿ ಅದು. ಮೊದಲ ಮೂರು ಸೀಸನ್‌ಗೆ ತಲಾ 10 ಎಪಿಸೋಡ್. 2024ರ ಆಗಸ್ಟ್‌ನಲ್ಲಿ ಬಂದ ಕೊನೆಯದಕ್ಕೆ ಬರೀ 6. ಕೊನೆಗೆ ಏನಾಗುತ್ತೆ? ಜಗತ್ತು ಉಳೀಬೇಕು ಅಂದ್ರೆ ಆ ಅಣ್ಣ-ತಮ್ಮ-ಅಕ್ಕ-ತಂಗಿಯರು ಹುಟ್ಟೇ ಇರಬಾರದು. ಅವರೆಲ್ಲ ಒಟ್ಟಿಗೆ ನಿಂತು ಅಳಿಸಿಹೋಗ್ತಾರೆ. ಅವರು ಇದ್ದರು ಅನ್ನೋ ನೆನಪೂ ಜಗತ್ತಿಗೆ ಉಳಿಯಲ್ಲ. ನಮ್ಮ ತಮ್ಮನ ಸಿಟ್ಟು ಇದೇ: "ಹಂಗಾದ್ರೆ ನಾನು ಇಷ್ಟು ದಿನ ನೋಡಿದ್ದು ಏನು?"

ನಾನು ಬಿ.ಕಾಂ. ಓದಿದವನು. ಕಥೆ ಅರ್ಥ ಆಗದಿದ್ದಾಗ ಲೆಕ್ಕದ ಪುಸ್ತಕ ನೋಡೋದು ನನ್ನ ಚಟ. ಸರಣಿ ಹಳೇದಾದಷ್ಟೂ ಖರ್ಚು ಏರುತ್ತೆ: ನಟರ ಸಂಭಾವನೆ, ಸೆಟ್ಟು, ಗ್ರಾಫಿಕ್ಸು. ಆದರೆ ಹೊಸ ಗಿರಾಕಿ ಯಾರೂ ನಾಲ್ಕನೇ ಸೀಸನ್‌ನಿಂದ ನೋಡೋಕೆ ಶುರು ಮಾಡಲ್ಲ. ಮೊದಲ ಸೀಸನ್ ಹೊಸಬರನ್ನ ಕರೆತರುತ್ತೆ, ಕೊನೆಯದು ಹಳಬರನ್ನ ಉಳಿಸ್ಕೊಳ್ಳುತ್ತೆ, ಅಷ್ಟೆ. ಹಾಗಾಗಿ ಎಷ್ಟು ದಿನ, ಎಷ್ಟು ಎಪಿಸೋಡ್ ಅನ್ನೋದನ್ನ ಎಷ್ಟೋ ಸಲ ಕಥೆಗಿಂತ ಮೊದಲು ಲೆಕ್ಕವೇ ತೀರ್ಮಾನ ಮಾಡುತ್ತೆ. ಬರೆಯೋನು ಉಳಿದ ಜಾಗದಲ್ಲಿ ಕಥೆ ಮುಗಿಸಬೇಕು.

ಇದು ನೆಟ್‌ಫ್ಲಿಕ್ಸ್ ಕಾಲದ್ದು ಮಾತ್ರ ಅಲ್ಲ. ನಮ್ಮದೇ ಸೂಪರ್‌ಹೀರೋ ಕಥೆನೂ ಹೀಗೇ ಮುಗೀತು. ಹೌದು, ಶಕ್ತಿಮಾನ್.

1997ರ ಸೆಪ್ಟೆಂಬರ್ 13ಕ್ಕೆ ದೂರದರ್ಶನದಲ್ಲಿ ಶುರು, 2005ರ ಮಾರ್ಚ್ 27ಕ್ಕೆ ಕೊನೆ. ಏಳೂವರೆ ವರ್ಷ, 400ಕ್ಕೂ ಹೆಚ್ಚು ಕಂತು. ಮುಕೇಶ್ ಖನ್ನಾ ಬರೀ ಶಕ್ತಿಮಾನ್ ಅಲ್ಲ, ನಿರ್ಮಾಪಕರೂ ಅವರೇ. ಆಗ ದೂರದರ್ಶನದ ಪ್ರಾಯೋಜಿತ ಧಾರಾವಾಹಿಗಳಿಗೆ ಚಾನೆಲ್ ದುಡ್ಡು ಕೊಡ್ತಿರಲಿಲ್ಲ. ನಿರ್ಮಾಪಕರೇ ಪ್ರಸಾರ ಶುಲ್ಕ ಕಟ್ಟಬೇಕಿತ್ತು. ಅದಕ್ಕೆ ಬದಲಾಗಿ ಜಾಹೀರಾತಿನ ಒಂದಿಷ್ಟು ಸಮಯ ಸಿಗ್ತಿತ್ತು, ಅದನ್ನ ಮಾರಿಕೊಂಡು ಖರ್ಚು ಹುಟ್ಟಿಸ್ಕೋಬೇಕು. ಒಂಥರಾ ಸಂತೆಯಲ್ಲಿ ಜಾಗದ ಬಾಡಿಗೆ ಕಟ್ಟಿ ಅಂಗಡಿ ಹಾಕಿದ ಹಾಗೆ. ಬಾಡಿಗೆ ಏರ್ತಾ ಹೋಯ್ತು, ಅದಕ್ಕೇ ನಿಲ್ಲಿಸಬೇಕಾಯ್ತು ಅಂತ ಮುಕೇಶ್ ಖನ್ನಾ ಸಂದರ್ಶನಗಳಲ್ಲಿ ಹೇಳಿದ್ದಾರೆ. ತಮ್‌ರಾಜ್ ಕಿಲ್ವಿಷ್ ಕೈಲಿ ಆಗದ್ದನ್ನ ಒಂದು ಚಲನ್ ಮಾಡಿತು ನೋಡಿ.

ಆಗ ನನಗೆ ಎಂಟು ವರ್ಷ. ಮನೇಲಿ ಕಪ್ಪು-ಬಿಳುಪು ಪೋರ್ಟಬಲ್ ಟಿವಿ. ಮಾಳಿಗೆ ಮೇಲೆ ಆಂಟೆನಾ ತಿರುಗಿಸೋಕೆ ಅಣ್ಣ, "ಬಂತು, ಬಂತು, ಹೋತು" ಅನ್ನೋಕೆ ನಾನು. ಅಜ್ಜಿ ಹೊಸ್ತಿಲ ಹತ್ರ ಮೊರದಲ್ಲಿ ತೊಗರಿ ಹಸನು ಮಾಡ್ತಾ ಕೂತಿರ್ತಿದ್ದಳು. ಅವಳಿಗೆ ಹಿಂದಿ ಬರ್ತಿರಲಿಲ್ಲ. ಶಕ್ತಿಮಾನ್‌ಗೆ ಕನ್ನಡ ಬರ್ತಿರಲಿಲ್ಲ. ನಡುವೆ ನಾನು.

"ಏನಂದ್ನೋ ಅವ?" ಅಂತ ಪ್ರತಿ ಎರಡು ನಿಮಿಷಕ್ಕೆ ಕೇಳೋಳು. ನನಗೂ ಅರ್ಧ ಗೊತ್ತಾಗ್ತಿರಲಿಲ್ಲ, ಆದರೂ ಹೇಳ್ತಿದ್ದೆ. ಗರಗರ ತಿರುಗೋ ಶಕ್ತಿಮಾನ್‌ಗೆ ಅಜ್ಜಿ ಇಟ್ಟ ಹೆಸರು ಗಿರಗಿಟ್ಲೆ. ಅನುವಾದ ಬೇಕಿಲ್ಲದ ಮಾತು ಒಂದೇ, ಕತ್ತಲು ಕಾಯಂ ಇರಲಿ ಅಂತ ಕಿಲ್ವಿಷ್ ಹೇಳೋದು. "ಕಾಯಂ ಅಂದ್ರ ನನಗ ಗೊತ್ತೈತಿ" ಅನ್ನೋಳು. ಕಾಯಂ ನೌಕರಿ, ಕಾಯಂ ಗಿರಾಕಿ ಅಂತ ನಮ್ಮ ಕಡೆ ದಿನಾ ಬಳಸೋ ಪದ. ಆಮೇಲೆ ಕರೆಂಟ್ ಹೋದಾಗೆಲ್ಲ ನಮ್ಮನೇಲಿ "ಕತ್ತಲಾ ಕಾಯಂ!" ಅಂತ ಒಂದೇ ಕೂಗು.

ತಮಾಷೆ ಕೇಳಿ. ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ ಇರೋದು ನಮ್ಮದೇ ಜಿಲ್ಲೆಯ ಶಕ್ತಿನಗರದಲ್ಲಿ. 2005ರ ಹೊತ್ತಿಗೆ 210 ಮೆಗಾವ್ಯಾಟ್‌ನ 7 ಘಟಕ, ಒಟ್ಟು 1,470 ಮೆಗಾವ್ಯಾಟ್. ಕರೆಂಟ್ ಹುಟ್ಟೋ ಊರಿನ ಹೆಸರು ಶಕ್ತಿನಗರ, ನೋಡೋಕೆ ಹೊರಟಿದ್ದು ಶಕ್ತಿಮಾನ್, ಮನೇಲಿ ಮಾತ್ರ ಶಕ್ತಿ ಇಲ್ಲ.

ಮಾರ್ಚ್ 27, ಭಾನುವಾರ. ಕರೆಂಟ್ ಹೋಯ್ತು. ಅದು ಕೊನೆ ಕಂತು ಅಂತ ನನಗೆ ಗೊತ್ತೇ ಇರಲಿಲ್ಲ. ಮುಂದಿನ ಭಾನುವಾರ ಕರೆಂಟ್ ಇತ್ತು, ಶಕ್ತಿಮಾನ್ ಇರಲಿಲ್ಲ. ಅದರ ಮುಂದಿನ ವಾರನೂ ಇರಲಿಲ್ಲ.

"ಎಲ್ಲಿ ಹ್ವಾದ ನಿನ್ನ ಗಿರಗಿಟ್ಲೆ?" ಅಂದಳು ಅಜ್ಜಿ.

ಗೊತ್ತಿಲ್ಲ ಅನ್ನೋಕೆ ಮನಸ್ಸು ಬರಲಿಲ್ಲ. ಸುಳ್ಳು ಹೇಳಿದೆ. ಆ ಭಾನುವಾರ ಗೆಳೆಯನ ಮನೇಲಿ ಬ್ಯಾಟರಿ ಹಾಕಿ ನೋಡಿದ್ವಿ, ಶಕ್ತಿಮಾನ್ ಕತ್ತಲ ರಾಜನ್ನ ಸೋಲಿಸಿ ಹಿಮಾಲಯದಲ್ಲಿ ತಪಸ್ಸಿಗೆ ಕೂತ, ಬೇಕಾದಾಗ ಎದ್ದು ಬರ್ತಾನೆ ಅಂದೆ. ಅಜ್ಜಿ "ಹೂಂ" ಅಂದು ಮೊರ ಕೇರಿದಳು. ನಮ್ಮನೇಲಿ ಶಕ್ತಿಮಾನ್ ಮುಗಿದಿದ್ದು ಹೀಗೆ.

ಈಗ 15 ವರ್ಷ ಮುಂದಕ್ಕೆ ಬನ್ನಿ. 2020ರ ಏಪ್ರಿಲ್, ಲಾಕ್‌ಡೌನ್. ನಾನು ಊರಿಗೆ ಬಂದು ಸಿಕ್ಕಿಹಾಕ್ಕೊಂಡಿದ್ದೆ. ದೂರದರ್ಶನ ಹಳೇ ಧಾರಾವಾಹಿಗಳನ್ನ ಮತ್ತೆ ಹಾಕ್ತು, ಶಕ್ತಿಮಾನ್ ಕೂಡ. ಅಜ್ಜಿ ಟಿವಿ ನೋಡಿದಳು, ನನ್ನ ಕಡೆ ತಿರುಗಿದಳು.

"ತಪಸ್ಸು ಮುಗೀತೇನೋ ಇವಂದು?"

ನನಗೆ ನಾಚಿಕೆ. ಎಲ್ಲ ಒಪ್ಪಿಕೊಂಡೆ. ಅಜ್ಜಿ ನಕ್ಕಳು: "ಗೊತ್ತೈತಿ ಬಿಡು. ಬ್ಯಾಟರಿ ಇದ್ದ ಮನಿ ಆವಾಗ ನಮ್ಮ ಓಣ್ಯಾಗ ಯಾವುದಿತ್ತು? ಆದ್ರ ನೀ ಹೇಳಿದ್ದು ಚಲೋ ಇತ್ತು." ಈಗ ಹಿಂದಿ ಸರಿಯಾಗಿ ಗೊತ್ತಿರೋ ಕಿವಿಯಿಂದ ಕೇಳಿದ್ರೆ, ಚಿಕ್ಕವನಿದ್ದಾಗ ನಾನು ಮಾಡಿದ ಅನುವಾದದಲ್ಲಿ ಅರ್ಧಕ್ಕರ್ಧ ಸುಳ್ಳು.

ಆದರೆ ಎಂಟು ವರ್ಷದ ಹುಡುಗ ಯಾಕೆ ಅನುವಾದ ಮಾಡಬೇಕಿತ್ತು? ದಶಕಗಳ ಕಾಲ ಕನ್ನಡದಲ್ಲಿ ಡಬ್ಬಿಂಗ್‌ಗೆ ಅಘೋಷಿತ ತಡೆ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ಆದೇಶ ಕೊಟ್ಟಿತು. ಇಲ್ಲಿನ ಕಲಾವಿದರ, ತಂತ್ರಜ್ಞರ ಅನ್ನದ ಪ್ರಶ್ನೆ ಅಂತ ವಿರೋಧಿಸಿದವರ ಭಯ ನನಗೆ ಅರ್ಥವಾಗುತ್ತೆ. ಆದರೆ ಹೊಸ್ತಿಲಲ್ಲಿ ಕೂತ ಅಜ್ಜಿಯ ಲೆಕ್ಕ ಯಾರ ಪುಸ್ತಕದಲ್ಲೂ ಇರಲಿಲ್ಲ. ಅದೇ ಲಾಕ್‌ಡೌನ್‌ನಲ್ಲಿ ಸ್ಟಾರ್ ಸುವರ್ಣದಲ್ಲಿ ಮಹಾಭಾರತ ಕನ್ನಡದಲ್ಲಿ ಬಂತು. ಅಜ್ಜಿ ಪೂರ್ತಿ ನೋಡಿದಳು, ಒಂದು ಸಲನೂ "ಏನಂದ್ನೋ" ಅನ್ನಲಿಲ್ಲ. ನನ್ನ ಕೆಲಸ ಹೋಯ್ತು. ಖುಷಿನೂ ಆಯ್ತು, ಹೊಟ್ಟೆಕಿಚ್ಚೂ ಆಯ್ತು.

ಈಗ ಕೆಲಸ ಮತ್ತೆ ಸಿಕ್ಕಿದೆ. ಅಜ್ಜಿಗೆ ಕಣ್ಣು ಮಂಜು. ಪೊರೆ ತೆಗೆಸಿದ್ರೂ ಅಷ್ಟಕ್ಕಷ್ಟೆ. ಟಿವಿ ಮುಂದೆ ಕೂರ್ತಾಳೆ, ಪಾತ್ರದ ಮುಖ ಕಾಣಲ್ಲ, ಬೇಗ ಎದ್ದುಬಿಡ್ತಾಳೆ. ನಿನ್ನೆ ರಾತ್ರಿ ಊಟ ಆದ್ಮೇಲೆ ಅಂಬ್ರೆಲಾ ಅಕಾಡೆಮಿ ಕಥೆ ಹೇಳಿದೆ. ಕೊಡೆ ಶಾಲೆ ಅಂತ ಶುರು ಮಾಡಿ, ನಾಲ್ಕು ಸೀಸನ್ನೂ ಒಂದು ಗಂಟೆಯಲ್ಲಿ. ಕೊನೆಗೆ ಅವರು ಹುಟ್ಟೇ ಇರಲಿಲ್ಲ ಅನ್ನೋ ಹಾಗಾಯ್ತು ಅಂದೆ. ಈ ಸಲ ಸುಳ್ಳು ಸೇರಿಸಲಿಲ್ಲ.

ಅಜ್ಜಿ ಸ್ವಲ್ಪ ಹೊತ್ತು ಸುಮ್ನಿದ್ದು ಕೇಳಿದಳು: "ಅವರು ಇರಲೇ ಇಲ್ಲಂದ್ರ, ಇಷ್ಟೊತ್ತನಾ ನೀ ಯಾರ ಕಥಿ ಹೇಳಿದಿ?"

ತಮ್ಮಾ, ವಾಯ್ಸ್ ನೋಟ್ ಕಳಿಸಿದವನೇ, ನಿನ್ನ ಪ್ರಶ್ನೆನೂ ಇದೇ ಅಲ್ವಾ? ನೀನು ಸಿಟ್ಟಲ್ಲಿ ಕೇಳಿದೆ, ಅವಳು ನಗ್ತಾ ಕೇಳಿದಳು. ಸರಣಿ ಯಾವಾಗ ನಿಲ್ಲಬೇಕು ಅನ್ನೋದು ಅವರ ಲೆಕ್ಕ. ನಾವು ಯಾರಿಗೆ ಹೇಳ್ತೀವಿ ಅನ್ನೋದು ಆ ಲೆಕ್ಕಕ್ಕೆ ಸಿಗಲ್ಲ.

ನಾಳೆ ರಾತ್ರಿ ರಾಯಚೂರಿಂದ ನನ್ನ ರೈಲು. ಆಮೇಲೆ ಅಜ್ಜಿಗೆ ಕಥೆ ಯಾರು ಹೇಳ್ತಾರೆ ಅನ್ನೋದು ಇನ್ನೂ ಬಗೆಹರಿದಿಲ್ಲ. ಸದ್ಯಕ್ಕೆ ಪ್ರತಿ ಭಾನುವಾರ ಮಧ್ಯಾಹ್ನ ಫೋನ್ ಮಾಡ್ತೀನಿ ಅಂದಿದ್ದೀನಿ, ಶಕ್ತಿಮಾನ್ ಟೈಮಿಗೆ. "ಕರೆಂಟ್ ಇದ್ರೂ ಇಲ್ದಿದ್ರೂ ಮಾಡು" ಅಂದಳು.

ನಿಮ್ಮನೇಲಿ ಯಾವ ಸರಣಿಯ ಕೊನೆ ಕಂತು ಕರೆಂಟ್ ಜೊತೆ ಹೋಯ್ತು? ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.