ಮೆಂತ್ಯದ ಲೋಳೆ ಮತ್ತು ತಾಯಿಯ ಆರೋಗ್ಯ



ಇಂದು ನಾನು ಮಾತನಾಡಲು ಆರಿಸಿಕೊಂಡಿರುವ ವಸ್ತು ಮೆಂತ್ಯ. ರಂಜಾನಿನಲ್ಲಿ ಗಂಜಿಗೆ ಹಾಕುವ, ಬಾಣಂತಿಗೆ ಲೇಹ್ಯ ಮಾಡಿ ತಿನ್ನಿಸುವ ಅದೇ ಮೆಂತ್ಯ. ರಾತ್ರಿ ಒಂದು ಚಮಚ ಕಾಳು ನೆನೆಸಿಟ್ಟು ಬೆಳಿಗ್ಗೆ ಮುಟ್ಟಿ ನೋಡಿ. ಬೆರಳಿಗೆ ಅಂಟುವ ಆ ಲೋಳೆಯ ಬಗ್ಗೆಯೇ ನನ್ನ ಮಾತು.

ಅದರ ಹೆಸರು ಗ್ಯಾಲಕ್ಟೋಮನ್ನಾನ್. ಇದೊಂದು ಜೈವಿಕ ಪಾಲಿಮರ್. ಅಂದರೆ ತಸ್ಬೀಹ್‌ನ ಮಣಿಗಳಂತೆ ಸಕ್ಕರೆಯ ಅಣುಗಳು ಒಂದಕ್ಕೊಂದು ಪೋಣಿಸಿಕೊಂಡ ಉದ್ದನೆಯ ಸರ. ಮ್ಯಾನೋಸ್ ಎಂಬ ಸಕ್ಕರೆಯ ಸರಕ್ಕೆ ಗ್ಯಾಲಕ್ಟೋಸ್ ಕವಲುಗಳಾಗಿ ಅಂಟಿಕೊಂಡಿರುತ್ತದೆ. ಗೋರಿಕಾಯಿ ಬೀಜದ ಅಂಟಿನಲ್ಲಿ ಎರಡು ಮ್ಯಾನೋಸಿಗೆ ಒಂದು ಗ್ಯಾಲಕ್ಟೋಸ್ ಇದ್ದರೆ, ಮೆಂತ್ಯದಲ್ಲಿ ಹೆಚ್ಚುಕಡಿಮೆ ಒಂದಕ್ಕೊಂದು. ಆದ್ದರಿಂದಲೇ ಅದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ನಮ್ಮ ಜೀರ್ಣರಸಗಳು ಈ ಸರವನ್ನು ಕಡಿಯಲಾರವು. ಅದು ಕರುಳಿನಲ್ಲಿ ಮಂದವಾಗಿ ಹರಡಿ, ಉಂಡ ಅನ್ನದ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಗೊಳಿಸುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟೈಪ್ 1 ಮಧುಮೇಹಿಗಳಿಗೆ ಜಿಡ್ಡು ತೆಗೆದ ಮೆಂತ್ಯದ ಪುಡಿಯನ್ನು ಹತ್ತು ದಿನ ಕೊಟ್ಟರು. ಮೂತ್ರದಲ್ಲಿ ಹೋಗುವ ಸಕ್ಕರೆ ಶೇಕಡಾ 54ರಷ್ಟು ಇಳಿಯಿತು. ಆದರೆ ಅವರು ಕೊಟ್ಟದ್ದು ದಿನಕ್ಕೆ 100 ಗ್ರಾಂ! ಯಾವ ಮನೆಯಲ್ಲೂ ಅಷ್ಟು ಕಹಿ ಯಾರೂ ತಿನ್ನುವುದಿಲ್ಲ. ಪತ್ರಿಕೆಯ ತುಣುಕು ಓದಿ ಉತ್ಸಾಹಪಡುವವರು ಈ ಅಳತೆಯನ್ನು ಮರೆಯುತ್ತಾರೆ.

ಇದಕ್ಕೂ ಸಂತಾನಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೊಂಡಿ ಇರುವುದು ಇನ್ಸುಲಿನ್‌ನಲ್ಲಿ. ಪಿ.ಸಿ.ಓ.ಎಸ್. ಇರುವ ಅನೇಕ ಹೆಣ್ಣುಮಕ್ಕಳ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ. ರಕ್ತದಲ್ಲಿ ಹೆಚ್ಚಾದ ಇನ್ಸುಲಿನ್ ಅಂಡಾಶಯದಿಂದ ಪುರುಷ ಹಾರ್ಮೋನನ್ನು ಹೆಚ್ಚಾಗಿ ಹೊರಡಿಸುತ್ತದೆ; ಅಂಡ ಬಿಡುಗಡೆ ತಪ್ಪುತ್ತದೆ, ಮುಟ್ಟು ಏರುಪೇರಾಗುತ್ತದೆ. ನಮ್ಮ ಮನೆಗಳಲ್ಲಿ ಇದನ್ನು ಹೇಳಿಕೊಳ್ಳಲು ಹುಡುಗಿಯರಿಗೆ ನಾಚಿಕೆ. ಹೇಳಿದರೂ "ಮದುವೆಯಾದರೆ ಸರಿಹೋಗುತ್ತೆ" ಎನ್ನುವ ಹಿರಿಯರು. ಸರಿಹೋಗುವುದಿಲ್ಲ. ಮಗುವಾಗದಿದ್ದಾಗ ದೂರು ಮಾತ್ರ ಅವಳ ತಲೆಗೆ. ಮೂರು ತಿಂಗಳು ಮುಟ್ಟು ತಪ್ಪಿದರೆ ಮೆಂತ್ಯದ ನೀರು ಕುಡಿಯುತ್ತಾ ಕೂರಬೇಡಿ, ವೈದ್ಯರ ಬಳಿ ಹೋಗಿ.

ಗರ್ಭಿಣಿಯರಲ್ಲೂ ಮಾಸು ಸ್ರವಿಸುವ ಹಾರ್ಮೋನುಗಳು ಇನ್ಸುಲಿನ್‌ನ ಕೆಲಸವನ್ನು ತಡೆಯುತ್ತವೆ. ಭಾರತ ಸರ್ಕಾರದ ಮಾರ್ಗಸೂಚಿಯಂತೆ ಪ್ರತಿ ಗರ್ಭಿಣಿಗೂ ಮೊದಲ ಭೇಟಿಯಲ್ಲಿ, ಮತ್ತೆ 24ರಿಂದ 28ನೇ ವಾರದೊಳಗೆ ಪರೀಕ್ಷೆ ಆಗಬೇಕು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ಸಕ್ಕರೆ 140 ಅಥವಾ ಹೆಚ್ಚಿದ್ದರೆ ಅದು ಗರ್ಭಕಾಲದ ಮಧುಮೇಹ. ಖಾಲಿ ಹೊಟ್ಟೆಯಲ್ಲಿ ಹೋಗಬೇಕೆಂದೂ ಇಲ್ಲ.

ಮೆಂತ್ಯದಲ್ಲಿ "ಸ್ತ್ರೀ ಹಾರ್ಮೋನ್ ಇದೆ" ಎಂದು ಮಾರುವವರೂ ಇದ್ದಾರೆ. ಅದರಲ್ಲಿರುವುದು ಡಯೋಸ್ಜೆನಿನ್. 1940ರ ದಶಕದಲ್ಲಿ ರಸೆಲ್ ಮಾರ್ಕರ್ ಎಂಬ ರಸಾಯನ ವಿಜ್ಞಾನಿ ಮೆಕ್ಸಿಕೋದ ಕಾಡುಗೆಣಸಿನ ಇದೇ ವಸ್ತುವಿನಿಂದ ಪ್ರೊಜೆಸ್ಟರಾನ್ ತಯಾರಿಸಿದ್ದು ನಿಜ. ಆದರೆ ಅದು ಪ್ರಯೋಗಾಲಯದ ಕೆಲಸ. ನಮ್ಮ ದೇಹಕ್ಕೆ ಆ ವಿದ್ಯೆ ಗೊತ್ತಿಲ್ಲ.

ಎದೆಹಾಲು ಹೆಚ್ಚುತ್ತದೆಯೇ? ಪ್ರಯೋಗಗಳ ಫಲಿತಾಂಶ ಒಂದೇ ತೆರನಾಗಿಲ್ಲ. ವಿಜ್ಞಾನ ಓದುತ್ತಿರುವ ಹುಡುಗಿಯರೇ, ಇಲ್ಲಿ ನಿಮಗೆ ಕೆಲಸವಿದೆ. ಬಾಣಂತಿಯ ಕೋಣೆಗೆ ಹೋಗಿ ಕೇಳಿ ಬರೆದುಕೊಳ್ಳಲು ನಿಮಗಿರುವ ಸಲಿಗೆ ಹೊರಗಿನವರಿಗೆ ಇಲ್ಲ.

ಒಗ್ಗರಣೆಗೆ, ಗಂಜಿಗೆ ಹಾಕುವ ಮೆಂತ್ಯಕ್ಕೆ ಹೆದರಬೇಕಿಲ್ಲ. ಗರ್ಭಿಣಿಯರು ಪುಡಿ, ಮಾತ್ರೆಯ ರೂಪದಲ್ಲಿ ಹೆಚ್ಚಾಗಿ ತೆಗೆದುಕೊಳ್ಳುವುದು ಬೇಡ. ಇನ್ನೊಂದು ಮಾತು: ಹೆರಿಗೆಗೆ ಮುಂಚೆ ತಾಯಿ ಮೆಂತ್ಯ ತಿಂದಿದ್ದರೆ ಹಸುಗೂಸಿನ ಮೈಯಿಂದ ಸುಟ್ಟ ಸಕ್ಕರೆಯಂಥ ವಾಸನೆ ಬರಬಹುದು. ಅಪರೂಪದ, ಗಂಭೀರವಾದ ಒಂದು ಹುಟ್ಟು ಕಾಯಿಲೆಯಲ್ಲೂ ಇದೇ ವಾಸನೆ ಇರುತ್ತದೆ. ವೈದ್ಯರು ಗಾಬರಿಯಾದ ಪ್ರಕರಣಗಳು ವರದಿಯಾಗಿವೆ. ತಿಂದಿದ್ದರೆ ಆಸ್ಪತ್ರೆಯಲ್ಲಿ ಮೊದಲೇ ಹೇಳಿಬಿಡಿ.