ಗಾಣ ನಿಂತರೂ ಬಡ್ಡಿ ನಿಲ್ಲದು

(ಮಂಡ್ಯ ಜಿಲ್ಲೆಯ ಆಲೆಮನೆ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೆಲ್ಲದ ಧಾರಣೆ ಬಗ್ಗೆ ಎಷ್ಟೋ ಸಭೆಗಳಲ್ಲಿ ಮಾತಾಡಿದ್ದೇವೆ. ಇವತ್ತು ಆ ಬೆಲ್ಲ ಬೇಯುವ ಮನೆಯ ಬಗ್ಗೆ ಮಾತಾಡೋಣ. ಆಲೆಮನೆ ಅಂದರೆ ಏನು? ಒಂದು ಕಡೆ ಉರಿಯುವ ಒಲೆ, ಅದರ ಮಗ್ಗುಲಲ್ಲೇ ಒಣಗಿದ ಕಬ್ಬಿನ ಸಿಪ್ಪೆಯ ರಾಶಿ, ಮೇಲೆ ಸೋಗೆ ಇಲ್ಲವೆ ತಗಡು. ಒಂದು ಕಿಡಿ ಹಾರಿದರೆ ಗಾಣ, ಮೋಟಾರು, ಪೇರಿಸಿಟ್ಟ ಬೆಲ್ಲ ಎಲ್ಲಾ ಹೋಯಿತು. ಸುಡದೆ ಉಳಿಯುವುದು ಒಂದೇ: ಸಾಲ.

"ನಮಗೇನು ಬಿಡಿ, ಬ್ಯಾಂಕಿನವರೇ ಇನ್ಶೂರೆನ್ಸ್ ಮಾಡಿಸಿದ್ದಾರೆ" ಅನ್ನುತ್ತೀರಿ. ಮಾಡಿಸಿದ್ದಾರೆ, ನಿಜ. ಪ್ರೀಮಿಯಂ ಕಟ್ಟಿದವರು ಯಾರು? ನಿಮ್ಮ ಖಾತೆಯಿಂದಲೇ ಮುರಿದುಕೊಂಡಿದ್ದಾರೆ. ಆ ಪಾಲಿಸಿ ಕಾಗದವನ್ನು ಕಣ್ಣಾರೆ ಕಂಡವರು ಇಲ್ಲಿ ಎಷ್ಟು ಜನ ಇದ್ದೀರಿ? ಬ್ಯಾಂಕಿನ ಹೆಸರೂ ಸೇರಿರುವ ಪಾಲಿಸಿಯಲ್ಲಿ ಪರಿಹಾರದ ಹಣ ಮೊದಲು ಬ್ಯಾಂಕಿನ ಕೈಗೆ ಹೋಗುತ್ತದೆ. ಸಾಲದ ಮೊತ್ತಕ್ಕಷ್ಟೇ ವಿಮೆ ಮಾಡಿಸಿದ್ದರೆ ಸಾಲ ತೀರೀತು, ಹೊಸ ಗಾಣ ಹೂಡಲು ಬಿಡಿಗಾಸೂ ಉಳಿಯದು. ಅದಕ್ಕೇ ಇನ್ನೊಂದು ಸಾಲ!

ಇನ್ನೊಂದು ಲೆಕ್ಕ ಕೇಳಿ. ಆಲೆಮನೆಯ ಬೆಲೆ 10 ಲಕ್ಷ, ವಿಮೆ 5 ಲಕ್ಷಕ್ಕೆ. ಬೆಂಕಿಯಲ್ಲಿ 4 ಲಕ್ಷ ನಷ್ಟವಾಯಿತು. ಐದಕ್ಕಿಂತ ನಾಲ್ಕು ಕಡಿಮೆ ತಾನೆ, ಪೂರ್ತಿ ಬರುತ್ತದೆ ಅಂದುಕೊಳ್ಳುತ್ತೀರಿ. ಬರೋದು 2 ಲಕ್ಷ! ಅರ್ಧ ಬೆಲೆಗೆ ವಿಮೆ ಮಾಡಿಸಿದವನಿಗೆ ನಷ್ಟದಲ್ಲೂ ಅರ್ಧವೇ. ಆದ್ದರಿಂದ ಸಾಲ ತಂದ ವರ್ಷದ ಬೆಲೆ ಬರೆಸಬೇಡಿ. ಮತ್ತೆ ಕಟ್ಟಬೇಕಾದರೆ ಇವತ್ತು ಎಷ್ಟಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ಬರೆಸಿ.

2021ರ ಏಪ್ರಿಲ್ 1ರಿಂದ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಪಾಲಿಸಿ ಜಾರಿಗೆ ಬಂದಿದೆ. ಒಂದು ಜಾಗದಲ್ಲಿರುವ ಕಟ್ಟಡ, ಯಂತ್ರ, ಸರಕು ಎಲ್ಲ ಸೇರಿ 5 ಕೋಟಿ ರೂಪಾಯಿ ಮೀರದ ಉದ್ಯಮಗಳಿಗೆ ಇದು. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಗಲಭೆ ಇವೆಲ್ಲ ಇದರಲ್ಲಿ ಸೇರಿವೆ. ವಿಮೆಯ ಮೊತ್ತ ಶೇಕಡಾ 15ರವರೆಗೆ ಕಡಿಮೆ ಇದ್ದರೂ ಮೇಲೆ ಹೇಳಿದ ಕಡಿತ ಮಾಡುವಂತಿಲ್ಲ. ಇದು ಒಳ್ಳೆಯ ಅಂಶ. ಆದರೆ ಬಿಟ್ಟುಹೋದದ್ದನ್ನೂ ನೋಡಿ.

ಕರೆಂಟಿನ ಏರುಪೇರಿಗೆ ಮೋಟಾರು ಸುಟ್ಟಿತು ಅನ್ನಿ. ಇದು ನಮ್ಮ ಹಳ್ಳಿಗಳ ನಿತ್ಯದ ಗೋಳು. ಬೆಂಕಿ ವಿಮೆಯಲ್ಲಿ ಆ ಮೋಟಾರಿಗೆ ಹಣ ಬರುವುದಿಲ್ಲ. ಅದರಿಂದ ಬೆಂಕಿ ಹತ್ತಿ ಉಳಿದದ್ದು ಸುಟ್ಟರೆ ಉಳಿದದ್ದಕ್ಕೆ ಬರುತ್ತದೆ. ಮೋಟಾರು, ಗಾಣ ಕೆಟ್ಟು ನಿಂತದ್ದಕ್ಕೆ ಯಂತ್ರ ಕೆಡುವಿಕೆಯ ಪಾಲಿಸಿ ಬೇರೆ ಇದೆ. ರಾತ್ರಿ ಬೀಗ ಒಡೆದು ಬೆಲ್ಲ ಹೊತ್ತೊಯ್ದರೆ ಅದಕ್ಕೂ ಬೇರೆ. ಆಳಿನ ಕೈ ಗಾಣಕ್ಕೆ ಸಿಕ್ಕರೆ ಅದಕ್ಕೂ ಬೇರೆ.

ಎಲ್ಲಕ್ಕಿಂತ ದೊಡ್ಡ ತೂತು ಮುಂದಿದೆ. ಸುಟ್ಟ ಆಲೆಮನೆ ಮತ್ತೆ ಏಳುವವರೆಗೆ ಎರಡು ತಿಂಗಳೋ ನಾಲ್ಕು ತಿಂಗಳೋ ಗಾಣ ನಿಲ್ಲುತ್ತದೆ. ಕಬ್ಬು ಗದ್ದೆಯಲ್ಲೇ ಒಣಗುತ್ತದೆ, ಆಳುಗಳು ಬೇರೆ ಕಡೆ ಹೋಗುತ್ತಾರೆ. ಬಡ್ಡಿ ಮಾತ್ರ ಹಗಲೂ ರಾತ್ರಿ ದುಡಿಯುತ್ತದೆ. ಗೋಡೆ, ಸೂರಿನ ವಿಮೆ ಈ ನಷ್ಟವನ್ನು ತುಂಬುವುದಿಲ್ಲ. ಕೆಲಸ ನಿಂತ ಕಾಲದ ಲಾಭನಷ್ಟಕ್ಕೆ ಪ್ರತ್ಯೇಕ ವಿಮೆ ಇದೆ. ನಿಂತ ಕಾಲದ ಬಡ್ಡಿ, ಬಾಡಿಗೆ, ಸಂಬಳ, ಹೋದ ಲಾಭ ಇವನ್ನು ನೀವು ಗೊತ್ತು ಮಾಡಿದಷ್ಟು ತಿಂಗಳ ಮಟ್ಟಿಗೆ ಅದು ಕೊಡುತ್ತದೆ. ಅದಕ್ಕೆ ಎರಡು ಷರತ್ತು. ಮೂಲ ಬೆಂಕಿ ವಿಮೆ ಇರಬೇಕು, ಆ ನಷ್ಟ ಮಂಜೂರಾಗಬೇಕು. ಹಿಂದಿನ ಆದಾಯ ಎಷ್ಟಿತ್ತು ಎನ್ನುವುದಕ್ಕೆ ಲೆಕ್ಕಪತ್ರ ಇರಬೇಕು. ಬಿಳಿ ಚೀಟಿಯ ವ್ಯಾಪಾರಕ್ಕೆ ಅಲ್ಲಿ ಬೆಲೆಯಿಲ್ಲ. ಬೆಲ್ಲ ಮಾರಿದ ಪಟ್ಟಿಯನ್ನು ಜೋಪಾನ ಮಾಡಿ.

ಹಾಗಾದರೆ ಮಾಡಬೇಕಾದ್ದೇನು? ಬ್ಯಾಂಕಿಗೆ ಅರ್ಜಿ ಬರೆದು ಪಾಲಿಸಿಯ ಪ್ರತಿ ಪಡೆಯಿರಿ, ಮುಗಿಯುವ ತಾರೀಖನ್ನು ಗೋಡೆಯ ಮೇಲೆ ಬರೆದಿಡಿ. ಸೂರು ಸೋಗೆಯದಾದರೆ ಸೋಗೆ ಎಂದೇ ಬರೆಸಿ. ಪ್ರೀಮಿಯಂ ಉಳಿಸಲು ತಗಡು ಎಂದು ಬರೆಸಿದರೆ ಹಣ ಕೇಳುವ ದಿನ ಅದೇ ಮುಳುವಾಗುತ್ತದೆ. ಗಾಣ, ಮೋಟಾರಿನ ಬಿಲ್ಲು, ಫೋಟೋಗಳನ್ನು ಆಲೆಮನೆಯಲ್ಲಿ ಇಡಬೇಡಿ, ಮನೆಯಲ್ಲಿಡಿ. ಅವಘಡ ಆದ ಕೂಡಲೇ ಕಂಪನಿಗೆ ತಿಳಿಸಿ, ಸರ್ವೇಯರ್ ಬಂದು ನೋಡುವವರೆಗೆ ಸುಟ್ಟ ಸಾಮಾನು ಸಾಗಿಸಬೇಡಿ. ಪೂರ್ತಿ ಸಂದಾಯವಾಯಿತೆಂಬ ಕಾಗದಕ್ಕೆ ಓದದೆ ಸಹಿ ಹಾಕಬೇಡಿ.

ಕಂಪನಿ ಅನ್ಯಾಯ ಮಾಡಿದರೆ ಮೊದಲು ಅದಕ್ಕೇ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಿ. 2017ರ ನಿಯಮಗಳಂತೆ ಒಬ್ಬರೇ ಮಾಲೀಕರಾಗಿರುವ ಉದ್ಯಮಗಳೂ ಕಿರು ಉದ್ದಿಮೆಗಳೂ ಅಲ್ಲಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಬಂಧುಗಳೆ, ಸಾಲ ಕೊಟ್ಟವರು ತಮ್ಮ ಹಣಕ್ಕೆ ಭದ್ರತೆ ಮಾಡಿಕೊಂಡಿದ್ದಾರೆ. ಅದು ಅವರ ಜಾಣತನ, ತಪ್ಪೆನ್ನಲಾರೆ. ಆದರೆ ಪ್ರೀಮಿಯಂ ಕಟ್ಟುವವರು ನಾವು. ಕಟ್ಟಿದ ಹಣಕ್ಕೆ ನಮ್ಮ ಒಲೆ ಮತ್ತೆ ಉರಿಯುವ ಭರವಸೆ ಇದೆಯೇ ಎಂದು ಕೇಳುವ ಹಕ್ಕು ನಮ್ಮದು. ನಾಳೆಯೇ ಹೋಗಿ ಕೇಳಿ.